ಇಬ್ಬರು ಯಜಮಾನರ ನಡುವೆ ಕನ್ನಡ ಕರಾವಳಿ

ಗ್ರಾಂಟ್ ರೋಡಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರಗಳು ಮನೆಯಂಗಳದ ಹೆಸರುಗಳು. ಹದಿನೇಳನೆಯ ಶತಮಾನದಲ್ಲಿ ರೋಮಿಗೂ ಲಿಸ್ಬನ್ನಿಗೂ ನಡೆದ ವ್ಯಾಜ್ಯವೊಂದರಲ್ಲಿ ಆ ಕರಾವಳಿಯೇ ಸಿಲುಕಿತ್ತೆಂಬುದನ್ನು ಬಲ್ಲವರು ವಿರಳ.

ಭಾರತಕ್ಕೆ ಪಾದ್ರಿಗಳನ್ನು ನೇಮಿಸುವ ಹಕ್ಕು ಯಾರದು? ಪೋಪರು ಹಿಂದೆ ಕೊಟ್ಟ ಸನ್ನದುಗಳ ಬಲದಿಂದ ಪೋರ್ತುಗಾಲಿನ ಅರಸನು ಅದು ತನ್ನದೆಂದನು. 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಪ್ರೊಪಗಾಂಡಾ ಸಭೆಯು ತನ್ನದೆಂದಿತು. ಅದರ ಒಡಲಲ್ಲಿ ಇನ್ನೂ ಕಹಿಯಾದ ಪ್ರಶ್ನೆಯೊಂದಿತ್ತು: ಈ ನೆಲದ ಹುಡುಗನು ಪಾದ್ರಿಯಾಗಲು ತಕ್ಕವನೇ? ಗೋವೆಯಲ್ಲಿ 1541ರಲ್ಲಿಯೇ ದೇಶೀಯ ಬಾಲಕರ ಶಿಕ್ಷಣಕ್ಕೆ ಏರ್ಪಾಡಾಗಿತ್ತು. ಆದರೂ ಯೆಸುಯಿತ ಸಂಘದ ಹಿರಿಯ ಅಧಿಕಾರಿ ವಲಿಗ್ನಾನೋ ಜಪಾನಿಯರನ್ನು ಮೆಚ್ಚಿ, ಭಾರತೀಯರು ಸಂಘಕ್ಕೆ ಬೇಡವೆಂದನು. ಕಲಿಸಬಹುದು, ಸಮಕ್ಕೆ ಕೂರಿಸಬಾರದು ಎಂಬ ನೀತಿ!

ದಿವಾಡಿ ದ್ವೀಪದ ಮತೇವುಸ್ ದಿ ಕಾಸ್ತ್ರೊ ಎಂಬ ಬ್ರಾಹ್ಮಣ ಮೂಲದ ಕ್ರೈಸ್ತನಿಗೆ ಗೋವೆಯಲ್ಲಿ ದೀಕ್ಷೆ ದೊರೆಯಲಿಲ್ಲ. ಆತನು ಸುಮ್ಮನಾಗಲಿಲ್ಲ, ದೂರದ ಹಾದಿ ಹಿಡಿದು ರೋಮನ್ನೇ ಸೇರಿದನು. ಪ್ರೊಪಗಾಂಡಾದ ಕಾರ್ಯದರ್ಶಿ ಇಂಗೊಲಿಯು ಆತನ ಕೈ ಹಿಡಿದನು. 1637ರಲ್ಲಿ ಬಿಷಪನಾದ ಆತನಿಗೆ ಬಿಜಾಪುರದ ಆದಿಲಶಾಹಿ ರಾಜ್ಯವನ್ನು ವಹಿಸಲಾಯಿತು. ಗೋವೆಯವರು ಮಾತ್ರ ಆತನನ್ನು ಕೊನೆಯವರೆಗೂ ಒಪ್ಪಲಿಲ್ಲ.

ಆತನ ಸೋದರಸಂಬಂಧದ ಕಿರಿಯ ತೋಮಸ್ ದಿ ಕಾಸ್ತ್ರೊ 1670ರ ದಶಕದಲ್ಲಿ ರೋಮಿನ ಬಿಷಪನಾಗಿ ಕೆನರಾಕ್ಕೆ ಬಂದನು. ಇಲ್ಲಿ ಗೋವೆಯ ಪಾದ್ರಿಗಳು ಮೊದಲೇ ಇದ್ದರು. ಒಬ್ಬರಿಂದ ಸಂಸ್ಕಾರ ಪಡೆದರೆ ಮತ್ತೊಬ್ಬರು ಅದು ಸಲ್ಲದೆಂದರು. ಮದುವೆಗೆ ಯಾರನ್ನು ಕರೆಯುವುದು, ಸತ್ತವರ ಕರ್ಮಕ್ಕೆ ಯಾರನ್ನು? ಗಲ್ಲಾದ ಮುಂದೆ ಇಬ್ಬರು ಯಜಮಾನರು ಕುಳಿತರೆ ಮಾಣಿಯ ಪಾಡೇನೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

1681ರಲ್ಲಿ ಗೋವೆಯು ಜೋಸೆಫ್ ವಾಜ್ ಎಂಬ ಮೂವತ್ತರ ಹರೆಯದ ಪಾದ್ರಿಯನ್ನು ಕಳುಹಿತು. ಸೋಜಿಗವೆಂದರೆ, ಆತನೂ ಬಿಷಪ್ ತೋಮಸನೂ ಇಬ್ಬರೂ ಗೋವೆಯ ಮಣ್ಣಿನವರೇ. ಒಬ್ಬನು ರೋಮಿನ ಪರ, ಇನ್ನೊಬ್ಬನು ಗೋವೆಯ ಪರ. ದೂರದ ಯಜಮಾನರ ಜಗಳವನ್ನು ಮನೆಯ ಮಕ್ಕಳೇ ಹೊರಬೇಕಾಯಿತು. ವಾಜನು ತನ್ನ ಪಕ್ಷದ ಹಕ್ಕನ್ನು ಬಿಡಲಿಲ್ಲ. ಆದರೂ ಬಿಷಪನೊಡನೆ ಕಾದಾಡದೆ, ತಾತ್ಕಾಲಿಕ ಒಪ್ಪಂದಕ್ಕೆ ಯತ್ನಿಸಿ, ಜನರ ಮನಸ್ಸಿನ ದಿಗಿಲನ್ನು ತಗ್ಗಿಸಿದನು. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದಲ್ಲಿ ಜನರ ಕಷ್ಟವನ್ನು ಮೊದಲು ಕಂಡವನು ಆತನೇ.

ಮುಂದೆ 1687ರಲ್ಲಿ ಆತನು ಕೂಲಿಯವನ ವೇಷದಲ್ಲಿ, ಡಚ್ಚರ ಕಣ್ಣು ತಪ್ಪಿಸಿ ಸಿಂಹಳವನ್ನು ಹೊಕ್ಕನು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡನು. ಭಾರತೀಯನು ಪಾದ್ರಿಯಾಗಲು ತಕ್ಕವನೇ ಎಂದು ಕೇಳಿದ ಅದೇ ಧರ್ಮಸಭೆಯು 2015ರಲ್ಲಿ ಆತನನ್ನು ಸಂತನೆಂದು ಸಾರಿತು. ಮಂಗಳೂರಿನಲ್ಲಿ ಪಾದ್ರಿಗಳ ಶಿಕ್ಷಣಕ್ಕಾಗಿ ಸಂತ ಜೋಸೆಫರ ಸೆಮಿನರಿ ತೆರೆದದ್ದು 1879ರಲ್ಲಿ. ಜೆಪ್ಪುವಿನಲ್ಲಿ ಅದು ಇಂದಿಗೂ ನಡೆಯುತ್ತಿದೆ.