ಗೋಲಿ ಸೋಡಾದೊಳಗಿನ ಸಮತೋಲನ

ಮಕ್ಕಳೇ, ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವ ಬಸ್ಸು ದಿಂಬಂ ಘಟ್ಟವನ್ನು ಇಳಿಯುತ್ತದೆ. ಈ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. ಒಂದು ಗಂಟೆಯಲ್ಲಿ ಹತ್ತು ವಾಹನಗಳು ಘಟ್ಟ ಹತ್ತಿದವು, ಹತ್ತು ವಾಹನಗಳು ಇಳಿದವು ಎಂದುಕೊಳ್ಳೋಣ. ಬೆಟ್ಟದ ಮೇಲಿನ ವಾಹನಗಳ ಸಂಖ್ಯೆ ಹೆಚ್ಚಾಯಿತೇ? ಕಡಿಮೆಯಾಯಿತೇ? ಎರಡೂ ಇಲ್ಲ. ಸಂಖ್ಯೆ ಮೊದಲಿನಷ್ಟೇ ಇದೆ. ಆದರೆ ಓಡಾಟ ನಿಂತಿಲ್ಲ.

ಇಂಥದೇ ಓಡಾಟ ಮುಚ್ಚಿದ ಗೋಲಿ ಸೋಡಾ ಸೀಸೆಯೊಳಗೂ ನಡೆಯುತ್ತದೆ. ಈ ಬಗೆಯ ಸೀಸೆಯನ್ನು 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವರು ರೂಪಿಸಿದರು. ಸೀಸೆಯ ನೀರಿಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಡದಿಂದ ತುಂಬುತ್ತಾರೆ. ಆ ಒತ್ತಡವೇ ಗೋಲಿಯನ್ನು ಸೀಸೆಯ ಬಾಯಿಗೆ ಒತ್ತಿ ಹಿಡಿಯುತ್ತದೆ.

ನೀರಿನಲ್ಲಿ ಕರಗಿದ ಅನಿಲದ ಸ್ವಲ್ಪ ಭಾಗ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾ ನಾಲಿಗೆಗೆ ಚುರ್ ಎನ್ನುವುದು ಇದರಿಂದಲೇ. ಈ ಆಮ್ಲ ಒಡೆದು ಮತ್ತೆ ನೀರು ಮತ್ತು ಅನಿಲವೂ ಆಗುತ್ತದೆ. ಸುಟ್ಟು ಬೂದಿಯಾದ ಸೌದೆ ಮತ್ತೆ ಸೌದೆಯಾಗದು. ಆದರೆ ಈ ಕ್ರಿಯೆ ಮುಂದಕ್ಕೂ ಹಿಂದಕ್ಕೂ ನಡೆಯುತ್ತದೆ. ಇಂಥದಕ್ಕೆ ಪರಾವರ್ತ್ಯ ಕ್ರಿಯೆ ಎನ್ನುತ್ತಾರೆ.

ಸೀಸೆ ಮುಚ್ಚಿರುವಾಗ ಆಮ್ಲ ಉಂಟಾಗುವ ವೇಗವೂ ಅದು ಒಡೆಯುವ ವೇಗವೂ ಸಮನಾಗುತ್ತವೆ. ನೀರಿನಲ್ಲಿ ಕರಗುವಷ್ಟೇ ಅನಿಲ ನೀರಿನಿಂದ ಹೊರಬರುತ್ತದೆ. ನೋಡುವವರಿಗೆ ಏನೂ ನಡೆಯದಂತೆ ಕಾಣುತ್ತದೆ. ಒಳಗೆ ಎರಡೂ ಕೆಲಸಗಳು ನಡೆಯುತ್ತಲೇ ಇರುತ್ತವೆ. ಇದೇ ಚಲನಶೀಲ ಸಮತೋಲನ.

ಗೋಲಿಯನ್ನು ಒತ್ತಿದರೆ ಏನಾಗುತ್ತದೆ? 'ಟಪ್' ಎಂಬ ಸದ್ದಿನೊಡನೆ ಅನಿಲ ಹೊರಗೆ ನುಗ್ಗುತ್ತದೆ. ಹೋದ ಅನಿಲ ಹಿಂತಿರುಗದು. ಸಮತೋಲನ ತಪ್ಪುತ್ತದೆ. ಆಮ್ಲ ಒಡೆಯುವುದೇ ಹೆಚ್ಚಾಗಿ, ಗುಳ್ಳೆಗಳು ಏಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಸೋಡಾ ಸಪ್ಪೆಯಾಗುತ್ತದೆ. ವಾಹನಗಳು ಘಟ್ಟ ಇಳಿಯುವುದೇ ಹೆಚ್ಚಾಗಿ, ಹತ್ತುವುದು ಕಡಿಮೆಯಾದಂತೆ!

ನಮ್ಮ ರಕ್ತದಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ದೇಹದಲ್ಲಿ ಉಂಟಾಗುವ ಇಂಗಾಲದ ಡೈಆಕ್ಸೈಡ್ ರಕ್ತದ ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಶ್ವಾಸಕೋಶದಲ್ಲಿ ಕ್ರಿಯೆ ಹಿಂದಕ್ಕೆ ತಿರುಗಿ, ಅನಿಲ ಉಸಿರಿನೊಡನೆ ಹೊರಹೋಗುತ್ತದೆ. ಬೆಟ್ಟ ಹತ್ತುವಾಗ ಈ ಅನಿಲ ಹೆಚ್ಚು ಉಂಟಾಗುತ್ತದೆ. ಅದನ್ನು ಹೊರಹಾಕಲು ನಾವು ಬೇಗ ಬೇಗ ಉಸಿರಾಡುತ್ತೇವೆ. ಈ ಕ್ರಿಯೆ ಒಂದೇ ಕಡೆಗೆ ನಡೆದಿದ್ದರೆ ರಕ್ತದಲ್ಲಿ ಆಮ್ಲ ಹೆಚ್ಚುತ್ತಲೇ ಹೋಗುತ್ತಿತ್ತು. ನಾವು ಬದುಕಲು ಆಗುತ್ತಿರಲಿಲ್ಲ.

ಮಾಡಿ ನೋಡಿ: ಸೋಡಾವನ್ನು ಎರಡು ಲೋಟಗಳಿಗೆ ಸಮನಾಗಿ ಸುರಿಯಿರಿ. ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ತಣ್ಣೀರಿನ ಪಾತ್ರೆಯಲ್ಲಿ ಇಡಿ. ಯಾವುದು ಬೇಗ ಸಪ್ಪೆಯಾಗುತ್ತದೆ?