ಒಂದು ಚರ್ಚು, ಹನ್ನೊಂದು ಲಕ್ಷ ಮರದ ಗೂಟ

ವೆನಿಸ್‌ನ ಸಾಂತಾ ಮರಿಯಾ ದೆಲ್ಲಾ ಸಲೂತೆ ಚರ್ಚಿನ ಬುಡದಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಮರದ ಗೂಟಗಳಿವೆ ಎಂಬುದು ಹಳೆಯ ಲೆಕ್ಕ. ದಿನಕ್ಕೆ ಸಾವಿರದಂತೆ, ಒಂದು ದಿನವೂ ಬಿಡದೆ ಬಡಿದರೂ ಮುಗಿಯಲು ಮೂರು ವರ್ಷ ಬೇಕು. ಇಷ್ಟೆಲ್ಲ ಒಂದೇ ಒಂದು ಕಟ್ಟಡಕ್ಕೆ! ಅಕ್ಟೋಬರ್-ನವೆಂಬರಿನಲ್ಲಿ ಮೂರು ದಿನ ಬಿಡುವು ಮಾಡಿಕೊಂಡು ವೆನಿಸ್ ನೋಡಿಬರಲು ಹೊರಡುವವರು ಮೊದಲು ಈ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಣ್ಣಿಗೆ ಕಾಣುವ ವೆನಿಸ್ ಪುಟ್ಟದು. ಅದನ್ನು ಹೊತ್ತು ನಿಂತದ್ದು ಬಹಳ ದೊಡ್ಡದು.

ಪುಟ್ಟದು ಎಂದರೆ ಎಷ್ಟು? ರೈಲು ನಿಲ್ದಾಣದಿಂದ ಪೂರ್ವದ ತುದಿಗೆ ದಾರಿ ತಪ್ಪದೆ ನಡೆದರೆ ಒಂದು ಗಂಟೆ ಚಿಲ್ಲರೆ. ಅಷ್ಟರೊಳಗೆ 118 ನಡುಗಡ್ಡೆಗಳು, 400ಕ್ಕೂ ಹೆಚ್ಚು ಸೇತುವೆಗಳು. ಊರನ್ನು ಎರಡಾಗಿ ಸೀಳುವ ಗ್ರಾಂಡ್ ಕೆನಾಲ್ ಉದ್ದ ಸುಮಾರು 3.8 ಕಿಲೋಮೀಟರ್, ಒಂದನೇ ನಂಬರಿನ ದೋಣಿ-ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಎರಡೂ ದಡದ ಅರಮನೆಗಳನ್ನು ನೋಡಿ ಮುಗಿಸಬಹುದು. 1591ರಲ್ಲಿ ಪೂರ್ತಿಯಾದ ರಿಯಾಲ್ಟೊ ಕಲ್ಲುಸೇತುವೆ 28 ಮೀಟರಿಗೂ ಹೆಚ್ಚು ಅಗಲದ ನೀರನ್ನು ಒಂದೇ ಕಮಾನಿನಲ್ಲಿ ದಾಟುತ್ತದೆ. ಅದರ ಎರಡು ಬದಿಗೂ ಸೇರಿ ಸುಮಾರು 12,000 ಗೂಟ. 1854ರವರೆಗೆ ಗ್ರಾಂಡ್ ಕೆನಾಲಿಗೆ ಬೇರೆ ಸೇತುವೆಯೇ ಇರಲಿಲ್ಲ.

ಕೆಸರಿನೊಳಗೆ ಬಡಿದ ಈ ಗೂಟಗಳ ಮರ ಕೊಳೆಯಲಿಲ್ಲವೇಕೆ? ಮರ ತಿನ್ನುವ ಶಿಲೀಂಧ್ರಗಳಿಗೆ ಆಮ್ಲಜನಕ ಬೇಕು, ಕೆಸರಿನಾಳದಲ್ಲಿ ಅದಿಲ್ಲ. ಗೂಟಗಳ ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಉಪ್ಪುನೀರಿಗೆ ಜಗ್ಗದ ಇಸ್ಟ್ರಿಯಾದ ಕಲ್ಲು, ಕಲ್ಲಿನ ಮೇಲೆ ಇಟ್ಟಿಗೆಯ ಗೋಡೆ. ಕಾಡಿನಲ್ಲಿ ಕಡಿದು, ನದಿಯಲ್ಲಿ ತೇಲಿಸಿ ತಂದು, ಮನುಷ್ಯರೇ ತೋಳಬಲದಿಂದ ಬಡಿದಿಳಿಸಿದ ಮರಗಳು ಇಂದಿಗೂ ಭಾರ ಹೊರುತ್ತಿವೆ.

ಶರತ್ಕಾಲದ ಪ್ರವಾಸಿಗೆ ಇನ್ನೊಂದು ಸಂಖ್ಯೆ ಗೊತ್ತಿರಬೇಕು: 110. ಈ ಹಂಗಾಮಿನಲ್ಲಿ ಆಗ್ನೇಯದಿಂದ ಬೀಸುವ ಸಿರೊಕ್ಕೊ ಗಾಳಿ ಏಡ್ರಿಯಾಟಿಕ್ ಸಮುದ್ರದ ಉಬ್ಬರವನ್ನು ವೆನಿಸ್ ಕಡೆಗೆ ದೂಡುತ್ತದೆ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಮುಟ್ಟಿತು. 2019ರ ನವೆಂಬರ್ 12ರಂದು 187. ಇವನ್ನು ಅಳೆಯುವುದು 1897ರ ಸಮುದ್ರಮಟ್ಟದಿಂದ, ಬೀದಿಯ ಕಲ್ಲಿನಿಂದಲ್ಲ. ಆದರೂ 2019ರಲ್ಲಿ ಸಾನ್ ಮಾರ್ಕೊ ಚೌಕದಲ್ಲಿ ಮೀಟರಿಗೂ ಹೆಚ್ಚು ನೀರು ನಿಂತಿತ್ತು. ಮರುವರ್ಷ ಅಕ್ಟೋಬರ್ 3ರಂದು ನಿಜವಾದ ಉಬ್ಬರಕ್ಕೆ ಎದುರಾಗಿ ಮೊದಲ ಬಾರಿಗೆ ಮೋಸೆ ತಡೆಗೋಡೆ ಎದ್ದುನಿಂತಿತು. ವೆನಿಸ್ ಸುತ್ತಲಿನ ಹಿನ್ನೀರು ಸಮುದ್ರ ಸೇರುವ ಮೂರು ಬಾಯಿಗಳಲ್ಲಿ, ಸಮುದ್ರದ ತಳದಲ್ಲಿ ಮಲಗಿರುವ 78 ಉಕ್ಕಿನ ಬಾಗಿಲುಗಳು. ಒಂದೊಂದೂ 20 ಮೀಟರ್ ಅಗಲ. ಒಳಗಿನ ನೀರನ್ನು ಒತ್ತಡದ ಗಾಳಿಯಿಂದ ಹೊರದಬ್ಬಿದರೆ ಅರ್ಧ ಗಂಟೆಯಲ್ಲಿ ಮೇಲೇಳುತ್ತವೆ. ಖರ್ಚು 500 ಕೋಟಿ ಯೂರೊ ದಾಟಿದೆ. ಉಬ್ಬರ 110 ಸೆಂಟಿಮೀಟರ್ ಮುಟ್ಟುವ ಮುನ್ಸೂಚನೆ ಬಂದರೆ ಬಾಗಿಲು ಏರಿಸುವುದು ಸಾಮಾನ್ಯ ಪದ್ಧತಿ. ಅದಕ್ಕಿಂತ ಕಡಿಮೆ ನೀರಿಗೂ ಚೌಕದ ತಗ್ಗು ಜಾಗಗಳು ಒದ್ದೆಯಾಗುತ್ತವೆ. ಆದ್ದರಿಂದ ರಬ್ಬರ್ ಬೂಟು ಇರಲಿ, ಬೆಳಿಗ್ಗೆ ಎದ್ದೊಡನೆ ಉಬ್ಬರದ ಮುನ್ಸೂಚನೆ ನೋಡುವ ಅಭ್ಯಾಸವೂ ಇರಲಿ.

ಈ ಊರಿಗೂ ಕನ್ನಡ ನಾಡಿಗೂ ಎಣಿಕೆಯ ನಂಟೊಂದಿದೆ. ವೆನಿಸ್‌ನ ವ್ಯಾಪಾರಿ ನಿಕೊಲೊ ಕೊಂತಿ 1420ರ ಸುಮಾರಿಗೆ ವಿಜಯನಗರ ಕಂಡು ಬೆರಗಾದ. ಸುತ್ತಳತೆ 60 ಮೈಲಿ, ಆಯುಧ ಹಿಡಿಯಬಲ್ಲವರು 90,000 ಎಂದು ಇಟಲಿಗೆ ಮರಳಿದ ಮೇಲೆ ಬರೆಸಿದ. ಬೆರಗಿಗೆ ಸಂಖ್ಯೆ ಕೊಡುವ ಗುಣ ಆ ಊರಿನ ವರ್ತಕರಲ್ಲಿ ಅಂದೇ ಇತ್ತು.

ದಿನಾಂಕ ಆರಿಸುವ ಸ್ವಾತಂತ್ರ್ಯವಿದ್ದರೆ ನವೆಂಬರ್ 21 ಸೇರುವಂತೆ ಆರಿಸಿ. 1630–31ರ ಪ್ಲೇಗು ಊರಿನ ಸುಮಾರು 46,000 ಜನರನ್ನು, ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರನ್ನು ಕೊಂದಿತು. ಮಾರಿ ತೊಲಗಿದರೆ ಚರ್ಚು ಕಟ್ಟಿಸುತ್ತೇವೆಂದು ಹೊತ್ತ ಹರಕೆಯೇ ಸಲೂತೆ. 1631ರಲ್ಲಿ ಆರಂಭವಾದ ಕಟ್ಟಡ ಮುಗಿದದ್ದು 1687ರಲ್ಲಿ. ವಾಸ್ತುಶಿಲ್ಪಿ ಲೊಂಗೆನಾ ಅದಕ್ಕೂ ಐದು ವರ್ಷ ಮೊದಲೇ ತೀರಿಹೋಗಿದ್ದ. ಪ್ರತಿ ವರ್ಷ ನವೆಂಬರ್ 21ಕ್ಕೆಂದು ಗ್ರಾಂಡ್ ಕೆನಾಲಿಗೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಊರಿನವರು ಸಲೂತೆಗೆ ನಡೆದು ಬಂದು ಮೇಣದ ಬತ್ತಿ ಹಚ್ಚುತ್ತಾರೆ.

ಆ ಊರಿನವರು ಈಗ ಎಷ್ಟು ಮಂದಿ? 1951ರಲ್ಲಿ ನಡುಗಡ್ಡೆಗಳ ಹಳೆಯ ಊರಿನಲ್ಲಿ ಸುಮಾರು 1,75,000 ಜನರಿದ್ದರು. ಈಗ 50,000ಕ್ಕೂ ಕಡಿಮೆ. ವರ್ಷಕ್ಕೆ ಬರುವ ಪ್ರವಾಸಿಗರೋ ಎರಡು ಕೋಟಿಗೂ ಮೇಲೆ. ಅವರಲ್ಲಿ ಹೆಚ್ಚಿನವರು ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತಾರೆ. ಗೂಟಗಳು ಎಷ್ಟೇ ಗಟ್ಟಿಯಾಗಿರಲಿ, ಊರನ್ನು ಊರಾಗಿ ಉಳಿಸುವುದು ಅಲ್ಲಿ ಒಲೆ ಹಚ್ಚುವ ಮನೆಗಳು. ಹಾಗಾಗಿ ಹೋದರೆ ರಾತ್ರಿ ಅಲ್ಲೇ ತಂಗಿ, ರಿಯಾಲ್ಟೊ ಸಂತೆಯಲ್ಲಿ ಹಣ್ಣು ಕೊಳ್ಳಿ, ಊರವರು ಕೂರುವ ಕಡೆ ಊಟ ಮಾಡಿ. ಇಷ್ಟೊಂದು ದೊಡ್ಡ ಲೆಕ್ಕಗಳ ನಡುವೆ ನಮ್ಮ ಕೈಯಲ್ಲಿರುವ ಲೆಕ್ಕ ಇದೊಂದೇ.