ಕೇಪು ಮುಗಿದಾಗ ಬಂದೂಕಿಗೆ ಏನು ತುಂಬಬಾರದು

ರಾಗಿ ತೆನೆ ಬಲಿಯುವ ಹೊತ್ತಿಗೆ ಕನಕಪುರ, ಚನ್ನಪಟ್ಟಣದ ಕಾಡಂಚಿನ ಹೊಲಗಳಲ್ಲಿ ಅಟ್ಟಣೆಗಳು ಏಳುತ್ತವೆ. ಕಾವಲು ಕೂತವರ ಬಳಿ ಟಾರ್ಚು, ತಮಟೆ, ಪಟಾಕಿ. ಎಲ್ಲೋ ಕೆಲವರ ಬಳಿ ಮಾತ್ರ ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಹಳೇ ಕೇಪು ಬಂದೂಕು. ನಳಿಕೆಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಸಲಾಕಿಯಿಂದ ದಟ್ಟಿಸಿ, ತೊಗರಿಕಾಳಿನಷ್ಟು ದಪ್ಪದ ತಾಮ್ರದ ಟೋಪಿಯನ್ನು, ಅಂದರೆ ಕೇಪನ್ನು, ಹಿಂದೆ ಕೂರಿಸಬೇಕು. ಬಂದೂಕಿನ ಕುದುರೆ ಬಡಿದರೆ ಒಂದು ಈಡು. ಮತ್ತೊಂದಕ್ಕೆ ಮೊದಲಿಂದ ಶುರು.

“ಮದ್ದಿದ್ರೆ ಕೇಪಿಲ್ಲ, ಕೇಪಿದ್ರೆ ಮದ್ದಿಲ್ಲ ಕಣಣ್ಣ” ಎನ್ನುವುದು ಇಂಥ ಬಂದೂಕು ಇಟ್ಟುಕೊಂಡವರ ಮಾಮೂಲಿ ದೂರು. ಇದು ನಮ್ಮಲ್ಲಿ ಮಾತ್ರ ಇರುವ ಕಷ್ಟವಲ್ಲ. ಅಮೆರಿಕದಲ್ಲಿ ಕರಿಮದ್ದು ತಯಾರಿಸುತ್ತಿದ್ದ ಗೋಯೆಕ್ಸ್ ಕಾರ್ಖಾನೆ 2021ರಲ್ಲಿ ಮುಚ್ಚುತ್ತದೆಂಬ ಸುದ್ದಿ ಬಂದಾಗ ಅಲ್ಲಿನವರೂ ತಲೆ ಮೇಲೆ ಕೈ ಹೊತ್ತು ಕೂತರು. ಮರುವರ್ಷ ಬೇರೊಂದು ಕಂಪನಿ ಅದನ್ನು ಕೊಂಡುಕೊಂಡಿತು. ಆದರೆ ಮಾಲು ಸಿಗದಿದ್ದಾಗ ಹುಟ್ಟುವ ‘ಉಪಾಯ’ಗಳು ಕೊರತೆಗಿಂತ ಅಪಾಯಕಾರಿ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಮದ್ದು ಅಂದರೆ ಮದ್ದೇ. ಪಟಾಕಿ ಒಡೆದು ತುಂಬಿದರೂ ನಡೆಯುತ್ತದೆ.

ಸತ್ಯ: ನಡೆಯುವುದಿಲ್ಲ, ಸಿಡಿಯುತ್ತದೆ. ಕರಿಮದ್ದು ಉರಿದು ಚರೆಯನ್ನು ಮುಂದಕ್ಕೆ ತಳ್ಳುತ್ತದೆ. ಪಟಾಕಿಯ ಮದ್ದು ಇರುವುದು ಢಮ್ಮೆನ್ನಲು. ಅದು ತಳ್ಳುವ ಮೊದಲೇ ನಳಿಕೆಯನ್ನು ಸೀಳಬಲ್ಲದು. ಬೆಂಕಿಕಡ್ಡಿಯ ಮದ್ದು ಕೆರೆದು ತುಂಬುವುದೂ ಬೇಡ. ಅದರ ತಲೆಯಲ್ಲಿರುವುದು ಉಜ್ಜಿದರೆ ಹೊತ್ತುವ ವಸ್ತು, ಸಲಾಕಿಯಿಂದ ದಟ್ಟಿಸುವಾಗಲೇ ಹತ್ತಿಕೊಂಡರೆ ಆಶ್ಚರ್ಯವಿಲ್ಲ. ಹೊಸ ಕಾಲದ ತೋಟೆ ಬಿಚ್ಚಿ ಅದರ ಹೊಗೆರಹಿತ ಮದ್ದು ಹಾಕುವುದಂತೂ ಇನ್ನೂ ಕೆಟ್ಟದ್ದು. ಅದರ ಒತ್ತಡ ತಡೆಯಲೆಂದು ಈ ಹಳೇ ನಳಿಕೆಗಳನ್ನು ಮಾಡಿಯೇ ಇಲ್ಲ. ನಳಿಕೆ ಬಿರಿದರೆ ಹೋಗುವುದು ಅದನ್ನು ಹಿಡಿದ ಎಡಗೈ ಮತ್ತು ಗುರಿ ನೋಡುತ್ತಿದ್ದ ಕಣ್ಣು.

ತಪ್ಪು ಕಲ್ಪನೆ 2: ಅಟ್ಟದ ಮೇಲಿನ ಹಳೇ ಮದ್ದು ಸತ್ತುಹೋಗಿರುತ್ತದೆ.

ಸತ್ಯ: ಕರಿಮದ್ದಿಗೆ ಅಷ್ಟು ಸುಲಭದ ಸಾವಿಲ್ಲ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಳೇ ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ತೆಗೆದರು. ಅವುಗಳ ಸುಳಿವು ಕೊಟ್ಟದ್ದು ಬಾವಿಯ ಕೆಸರಿನಲ್ಲಿ ಇನ್ನೂ ಉಳಿದಿದ್ದ ಮದ್ದಿನ ವಾಸನೆ. ಅಮೆರಿಕದ ವರ್ಜೀನಿಯಾದಲ್ಲಿ 1860ರ ದಶಕದ ಅಂತರ್ಯುದ್ಧದ ಫಿರಂಗಿ ಗುಂಡೊಂದು 2008ರಲ್ಲಿ ಸಿಡಿದು, ಅದನ್ನು ಶುಚಿ ಮಾಡುತ್ತಿದ್ದ ಸಂಗ್ರಹಕಾರ ಸತ್ತ. ಅಜ್ಜ ಬಿಟ್ಟುಹೋದ ಮದ್ದಿನ ಡಬ್ಬ ಸಿಕ್ಕರೆ ಬಿಸಿಲಿಗೆ ಹರಡಬೇಡಿ, ಒಲೆಗೆ ಹಾಕಿ ಪರೀಕ್ಷಿಸಬೇಡಿ. ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ. ಅಜ್ಜನ ಬಂದೂಕಿನಲ್ಲಿ ಈಡು ತುಂಬಿಯೇ ಇರಬಹುದು ಎಂಬುದೂ ನೆನಪಿರಲಿ.

ತಪ್ಪು ಕಲ್ಪನೆ 3: ಚರೆ ಸಿಗದಿದ್ದರೆ ಹಳೇ ಬ್ಯಾಟರಿಯ ಸೀಸ ಕರಗಿಸಿದರಾಯಿತು.

ಸತ್ಯ: ಸೀಸ ವಿಷ, ಮಕ್ಕಳಿಗೆ ಮತ್ತೂ ವಿಷ. ಇಷ್ಟು ಪ್ರಮಾಣ ಮೈಸೇರಿದರೆ ತೊಂದರೆಯಿಲ್ಲ ಎಂಬ ಮಿತಿಯೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಗಳದಲ್ಲಿ ಬ್ಯಾಟರಿ ಒಡೆದರೆ ಆ ಪುಡಿ ಅಲ್ಲೇ ಆಡುವ ಮಗುವಿನ ಬೆರಳಿಂದ ಬಾಯಿಗೆ ಹೋಗುತ್ತದೆ. ಚರೆ ತಗುಲಿ ಸತ್ತ ಪ್ರಾಣಿಯನ್ನು ತಿಂದ ರಣಹದ್ದಿಗೂ ಅದೇ ವಿಷ. 2012ರಲ್ಲಿ ರಣಹದ್ದುಗಳಿಗೆಂದೇ ರಾಮದೇವರ ಬೆಟ್ಟವನ್ನು ಮೀಸಲಿಟ್ಟ ಊರು ಪಕ್ಕದ ರಾಮನಗರ ಎಂಬುದನ್ನು ಮರೆಯಬಾರದು.

ತಪ್ಪು ಕಲ್ಪನೆ 4: ಕೇಪು ಬಂದೂಕು ಹಳೇ ಕಾಲದ್ದು, ಲೈಸೆನ್ಸು ಬೇಡ. ಕೊಡಗಿನವರಿಗೆ ಬೇಡವಂತೆ, ನಮಗೂ ಬೇಡ.

ಸತ್ಯ: ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹಾರದ ಬಂದೂಕಿಗೆ ಮಾತ್ರ. ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸೇರಿದ್ದು, ಅದೂ ಸದ್ಯಕ್ಕೆ 2029ರ ಅಕ್ಟೋಬರ್‌ವರೆಗೆ. ಕನಕಪುರ, ಚನ್ನಪಟ್ಟಣಕ್ಕೆ ಅದು ಅನ್ವಯಿಸದು. ಬೆಳೆ ರಕ್ಷಣೆಗೆ ಈ ಬಗೆಯ ಬಂದೂಕಿನ ಲೈಸೆನ್ಸು ಕೊಡಲು ಅದೇ ಕಾಯ್ದೆಯ 13ನೇ ಕಲಮಿನಲ್ಲಿ ದಾರಿಯಿದೆ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಲೈಸೆನ್ಸುದಾರ ತೀರಿಹೋದರೆ ಬಂದೂಕನ್ನು ಮನೆಯವರು ತಡಮಾಡದೆ ಠಾಣೆಗೆ ಒಪ್ಪಿಸಬೇಕು. ಇನ್ನು ಪರವಾನಗಿಯಿಲ್ಲದೆ ಬಂದೂಕು, ಮದ್ದುಗುಂಡು ತಯಾರಿಸಿದವರಿಗೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ ಜೈಲು. ‘ಮನೆಯಲ್ಲೇ ಸ್ವಲ್ಪ ಮಾಡಿಕೊಂಡೆ’ ಎಂಬ ಸಬೂಬು ಅಲ್ಲಿ ನಡೆಯದು.

ತಪ್ಪು ಕಲ್ಪನೆ 5: ಲೈಸೆನ್ಸಿದ್ದರೆ ಹೊಲಕ್ಕೆ ಬಂದ ಹಂದಿಗೆ ಗುಂಡು ಹೊಡೆಯಬಹುದು.

ಸತ್ಯ: ಲೈಸೆನ್ಸು ಇರುವುದು ಬಂದೂಕಿಗೆ, ಬೇಟೆಗಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು 11ನೇ ಕಲಮಿನಡಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಆನೆ, ನವಿಲು 1ನೇ ಅನುಸೂಚಿಯಲ್ಲಿವೆ, ಅವುಗಳ ತಂಟೆಗೆ ಹೋಗುವಂತೆಯೇ ಇಲ್ಲ.

ತಪ್ಪು ಕಲ್ಪನೆ 6: ಬಂದೂಕು ಸುಮ್ಮನಾದರೆ ಬೆಳೆ ಹೋದಂತೆಯೇ. ಇಲ್ಲವಾದರೆ ಹಂದಿ ಕಚ್ಚಲೆಂದು ಇಡುವ ಸಿಡಿಮದ್ದಿನ ಉಂಡೆಯೇ ಗತಿ.

ಸತ್ಯ: ಬನ್ನೇರುಘಟ್ಟ, ಕಾವೇರಿ ವನ್ಯಧಾಮದ ಕಡೆಯಿಂದ ಬಂದು ಕಬ್ಬಾಳು, ತೆಂಗಿನಕಲ್ಲು ಕಾಡಿನಲ್ಲಿ ಬೀಡುಬಿಡುವ ಆನೆಗಳಿಗೆ ಸದ್ದು ಹೊಸದಲ್ಲ. ಮೊದಲ ದಿನ ಬೆದರಿದ ಆನೆ ಹತ್ತನೇ ದಿನ ಕಿವಿಯನ್ನೂ ಅಲುಗಿಸದು. ಇನ್ನು ಸಿಡಿಮದ್ದಿನ ಉಂಡೆಗೆ ಹಂದಿ, ಹಸು, ನಾಯಿ ಎಂಬ ಭೇದವಿಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗರ್ಭಿಣಿ ಆನೆ ಬಾಯಿ ಸುಟ್ಟುಕೊಂಡು ಹೊಳೆಯಲ್ಲಿ ನಿಂತು ಪ್ರಾಣ ಬಿಟ್ಟದ್ದು ಇಂಥ ಸಿಡಿಮದ್ದಿನಿಂದಲೇ. ಅಕ್ಕಪಕ್ಕದ ಹೊಲದವರು ಸರದಿ ಹಾಕಿಕೊಂಡು ಕಾಯುವುದು, ಒಟ್ಟಾಗಿ ಸೌರಬೇಲಿ ಹಾಕಿ ಅದರ ಕೆಳಗಿನ ಕಳೆಯನ್ನು ವಾರವಾರ ಸವರುವುದು, ಇವು ಒಂದು ಈಡಿನ ಬಂದೂಕಿಗಿಂತ ಹೆಚ್ಚು ಕಾಯುತ್ತವೆ.

ಒಟ್ಟು ಮಾತು ಇಷ್ಟೇ: ಸಿಗದ ಮದ್ದಿಗೆ ಬದಲಿ ಕಾವಲು ಉಂಟು, ಬದಲಿ ಮದ್ದು ಇಲ್ಲ. ಕೇಪು ಮುಗಿದರೆ ಲೈಸೆನ್ಸು ಇರುವ ಅಂಗಡಿಯಲ್ಲಿ ಹೆಸರು ಹೇಳಿ ಕಾಯಿರಿ. ಅಲ್ಲಿಯವರೆಗೆ ಬಂದೂಕನ್ನು ಒರೆಸಿ, ಎಣ್ಣೆ ಹಚ್ಚಿ, ಬೀಗ ಹಾಕಿಡಿ. ಆನೆ ಬಂದರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಬೆಳೆ ಹೋದರೆ ತುಳಿದ ಹೊಲದ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು ಪರಿಹಾರಕ್ಕೆ ಅರ್ಜಿ ಕೊಡಿ. ಹೋದ ರಾಗಿ ಮುಂದಿನ ಮಳೆಗೆ ಮತ್ತೆ ಬೆಳೆಯುತ್ತದೆ, ಕೈಬೆರಳು ಬೆಳೆಯುವುದಿಲ್ಲ.